ನಾಲ್ಕೂವರೆ ಮಾರು ಹೊಗೆ

ನಮ್ಮೂರಲ್ಲಿ ಹೊಗೆ ಅಳೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಪುರಸಭೆಯಲ್ಲಿ ಇದನ್ನೇ ಮಾಡಿಕೊಂಡಿದ್ದೇನೆ. ಹೆಸರು ಸರ್ವಮಂಗಳ. ಊರಿನವರಿಗೆ ಮಾತ್ರ ನಾನು ಪಟದ ಮೇಡಮ್ಮ. ಅಳತೆಗೊಂದರಂತೆ ಹೊಸದಾಗಿ ಅಂಟಿಸುವ ತೆಳು ಬಿಳಿ ಕಾಗದದ ಗಾಳಿಪಟ, ಮಾರಿಗೊಂದು ಗಂಟು ಹಾಕಿದ ದಾರದ ಉಂಡೆ, ಇಷ್ಟೇ ನನ್ನ ಸಲಕರಣೆ. ಮಾಳಿಗೆ ಹತ್ತಿ ಪಟ ಬಿಡುತ್ತೇನೆ. ಪಟ ಹೊಗೆಯೊಳಗೆ ಇರುವಷ್ಟು ಹೊತ್ತು ದಾರ ಒದ್ದೆ ಬಟ್ಟೆ ಎಳೆದ ಹಾಗೆ ಭಾರವಾಗಿರುತ್ತದೆ. ಹೊಗೆ ದಾಟಿ ಮೇಲೆ ಹೋದ ಕ್ಷಣ ಬೆರಳಿಗೆ ಹಗುರ ಗೊತ್ತಾಗುತ್ತದೆ. ಅಲ್ಲಿಯವರೆಗೆ ಎಷ್ಟು ಗಂಟು ಬಿಟ್ಟಿದ್ದೇನೋ ಅಷ್ಟು ಮಾರು ಆ ಮನೆಯ ಹೊಗೆ.

ನಮ್ಮೂರಿನ ಹೊಗೆ ಎಲ್ಲಿಗೂ ಹೋಗುವುದಿಲ್ಲ. ಕಡ್ಡಿ ಗೀರಿ ಒಲೆ ಹೊತ್ತಿಸಿದವರು ಯಾರೋ ಅವರ ಮನೆಯ ಮೇಲೆ ಬಂದು ನಿಲ್ಲುತ್ತದೆ. ಗಾಳಿ ನನ್ನ ಪಟವನ್ನು ಎತ್ತುತ್ತದೆ, ಒಣಹಾಕಿದ ಸೀರೆಯನ್ನು ಪಕ್ಕದ ಓಣಿಗೆ ಹಾರಿಸುತ್ತದೆ, ಹೊಗೆಯನ್ನು ಮಾತ್ರ ಮುಟ್ಟುವುದಿಲ್ಲ. ಒಲೆ ಆರಿಸಿಬಿಟ್ಟರೆ ವರ್ಷಕ್ಕೆ ಎರಡು ಮೂರು ಮಾರು ತಾನಾಗಿ ಕರಗುತ್ತದೆ. ಅಣ್ಣತಮ್ಮಂದಿರು ಬೇರೆಯಾದರೆ ಹೊಗೆಯೂ ಸೀಳಿಕೊಂಡು ಎರಡು ಮನೆಗಳ ಮೇಲೆ ನಿಲ್ಲುತ್ತದೆ. ಹಿರಿಯರು ಮಕ್ಕಳನ್ನು ಹರಸುವಾಗ 'ನಿನ್ನ ಹೊಗೆ ಬೆಳೀಲಿ' ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು ಒಳಗೆ ಬಂದು ಕೂರುವ ಮೊದಲು ಅಂಗಳದಲ್ಲೇ ನಿಂತು ತಲೆ ಎತ್ತಿ ನೋಡುತ್ತಾರೆ. ನಮ್ಮ ತಂದೆ ಶಾಲೆಯ ಮಾಸ್ತರರಾಗಿದ್ದರು, ನಮ್ಮ ಮನೆಯ ಹೊಗೆ ಎರಡು ಮಾರು ದಾಟಿದ್ದೇ ಇಲ್ಲ. ನನ್ನನ್ನು ನೋಡಲು ಬಂದ ನಾಲ್ಕು ಕಡೆಯವರೂ ಮೇಲೆ ನೋಡಿದರು, ಚಹ ಕುಡಿದರು, ಹೋದರು. ಆಮೇಲೆ ನಾನೇ ಹೊಗೆ ಅಳೆಯುವ ಕೆಲಸಕ್ಕೆ ಸೇರಿದೆ.

ಯುಗಾದಿಯ ಮಾರನೇ ದಿನ ಪುರಸಭೆಯ ಮುಂದಿನ ಬಯಲಲ್ಲಿ ಊರೆಲ್ಲ ಸೇರುತ್ತದೆ. ಮೈಕಿನ ಮುಂದೆ ನಿಂತು ನಾನು ಪ್ರತಿ ಮಂಡಕ್ಕಿ ಭಟ್ಟಿಯ, ಪ್ರತಿ ಗಿರಣಿಯ ಹೊಗೆ ಓದುತ್ತೇನೆ, ಕೊನೆಗೆ ಊರಿನ ಒಟ್ಟು ಹೊಗೆ. ಹೋದ ವರ್ಷಕ್ಕಿಂತ ಹೆಚ್ಚಾಗಿದೆ ಎಂದ ಕೂಡಲೇ ಸಿಳ್ಳೆ, ಪಟಾಕಿ. ನಾನೀಗ ಹೇಳುವ ವರ್ಷದವರೆಗೆ ಅದು ಕಡಿಮೆಯಾದದ್ದು ನನ್ನ ನೆನಪಿನಲ್ಲಿ ಇಲ್ಲ. ಹೊಗೆ ಬೆಳೆದವರಿಗೆ ಊರಿನ ಮೂಡಲಿಗಿರುವ ಕಣದಲ್ಲಿ ದೊಡ್ಡ ಜಾಗ ಸಿಗುತ್ತದೆ. ಐದು ಮಾರಿಗಿಂತ ಕೆಳಗೆ ಇಳಿದ ಭಟ್ಟಿಯನ್ನು 'ನಿಂತ ಭಟ್ಟಿ' ಎಂದು ಬರೆದು ಅದರ ಕಣವನ್ನು ಎಲ್ಲರಿಗಿಂತ ಹೆಚ್ಚು ಹೊಗೆ ಇರುವವರಿಗೆ ಕೊಡುವುದು ನಿಯಮ. ನಮ್ಮೂರು ನಡೆಯುವುದು ಮಂಡಕ್ಕಿಯಿಂದ. ನೆನೆಸಿದ ಭತ್ತವನ್ನು ಕಣದಲ್ಲಿ ಒಣಗಿಸಬೇಕು, ಅಕ್ಕಿ ಮಾಡಿಸಬೇಕು, ಉಪ್ಪುನೀರು ಚಿಮುಕಿಸಿ ಕಾದ ಮರಳಲ್ಲಿ ಹುರಿದು ಅರಳಿಸಬೇಕು. ಕಣ ಹೋದವರ ಭಟ್ಟಿ ಆರು ತಿಂಗಳು ಉಳಿಯುವುದಿಲ್ಲ.

ಆ ವರ್ಷ ಮಾಘ ಮಾಸದಲ್ಲಿ ಭಟ್ಟಿ ಓಣಿಯ ಅಳತೆಗೆ ಹೋದೆ. ಅಲ್ಲಿ ಹದಿನೇಳು ಭಟ್ಟಿಗಳು. ಮಟಮಟ ಮಧ್ಯಾಹ್ನವೂ ಒಳಗೆ ಬಲ್ಬು ಉರಿಯುತ್ತಿರುತ್ತದೆ. ಗೋಡೆ ಮುಟ್ಟಿದರೆ ಕೈಗೆ ಮಸಿ. ಓಣಿಯ ಕೊನೆಯಿಂದ ಎರಡನೆಯದು ಚಮನ್‌ಬಿಯ ಭಟ್ಟಿ, ಎರಡೇ ಒಲೆ. ಅವಳ ಗಂಡ ಇಮಾಮ್‌ಸಾಬ ಮೂವತ್ತು ವರ್ಷ ಒಲೆಯ ಮುಂದೆ ಕೂತು ಹುರಿದವನು, ಕೊನೆಗೆ ಎದೆ ಕಟ್ಟಿ ಹಾಸಿಗೆ ಹಿಡಿದಿದ್ದ. ಎರಡು ವರ್ಷದ ಹಿಂದೆ ಅವರ ಹೊಗೆ ಒಂಬತ್ತು ಮಾರು ಇತ್ತು. ಹೋದ ವರ್ಷ ಆರು. ಈ ಸಲ ಐದನೆಯ ಗಂಟು ಬೆರಳಿಗೆ ಬರುವ ಮೊದಲೇ ದಾರ ಹಗುರಾಯಿತು. ನಾಲ್ಕೂವರೆ.

"ಚಮನ್‌ಬಿ, ಐದಕ್ಕಿಂತ ಕಡಿಮಿ ಬಂತಲ್ಲ," ಎಂದೆ. "ಯುಗಾದಿಯೊಳಗ ಇನ್ನೊಮ್ಮೆ ಬರ್ತೀನಿ. ಅಷ್ಟರೊಳಗ ಒಂದೆರಡು ವಾರ ಒಲಿ ಜೋರು ಮಾಡ್ರಿ."

"ಇದ್ದಷ್ಟು ಬರಕೊಳ್ರಿ ಅಕ್ಕಾರೆ," ಎಂದಳು. ಅಷ್ಟೇ. ಬೇರೆಯವರಾಗಿದ್ದರೆ ಕೈ ಹಿಡಿದು ಅತ್ತಿರುತ್ತಿದ್ದರು. ಇವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ನಾನು ಹೋಗುವುದನ್ನೇ ಕಾಯುತ್ತಿರುವವಳಂತೆ ಹಿತ್ತಲಿನ ಬಾಗಿಲಿಗೆ ಅಡ್ಡ ನಿಂತಿದ್ದಳು. ಹಿತ್ತಲಿನಿಂದಲೂ ಅಳೆಯುತ್ತೇನೆ ಎಂದೆ. "ಹೆಣ್ಮಕ್ಕಳು ಜಳಕ ಮಾಡಾಕತ್ಯಾರ್ರಿ," ಎಂದು ಬಾಗಿಲು ಎಳೆದುಕೊಂಡಳು. ಪಟ ಇಳಿಸಿದಾಗ ಅದು ಹೆಚ್ಚುಕಡಿಮೆ ಬೆಳಗ್ಗೆ ಅಂಟಿಸಿದ ಹಾಗೇ ಬೆಳ್ಳಗಿತ್ತು.

ಇದು ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಎರಡು ದಿನದ ನಂತರ ಲಾರಿ ಸ್ಟ್ಯಾಂಡ್ ಹಾದು ಬರುವಾಗ ಒಂದು ಲಾರಿಗೆ ಮಂಡಕ್ಕಿ ಚೀಲ ಏರಿಸುತ್ತಿದ್ದರು. ಬಾಯಿಗೆ ಹಸಿರು ದಾರದ ಹೊಲಿಗೆ ಇದ್ದ ಚೀಲಗಳೇ ಎದ್ದು ಕಾಣುತ್ತಿದ್ದವು. ಹಮಾಲಿ ದುರುಗಪ್ಪನನ್ನು ಕೇಳಿದೆ. ಅವನಿಗೆ ಆಗಲೇ ಅರವತ್ತು ದಾಟಿತ್ತು, ಬೆನ್ನು ಇನ್ನೂ ನೆಟ್ಟಗಿತ್ತು.

"ಹಸಿರು ದಾರ ಯಾರದು ದುರುಗಪ್ಪಣ್ಣ?"

"ಚಮನ್‌ಬಿದು. ದಿನಾ ನಲವತ್ತು ಬರ್ತಾವ."

"ಹದಿನೆಂಟು ಬರ್ತಿದ್ವಲ್ಲ?"

"ಅದು ಮೊದಲ. ಈಗ ನಲವತ್ತು. ನನ್ನ ಬೆನ್ನಿಗಿಂತ ಬ್ಯಾರೆ ಸಾಕ್ಷಿ ಬೇಕೇನು?"

ಹೊಗೆ ಅರ್ಧಕ್ಕೆ ಇಳಿದಿದೆ, ಚೀಲ ಎರಡು ಪಟ್ಟಾಗಿದೆ. ಅದೆಲ್ಲಿಂದ ಬರುತ್ತದೆ? ಸಣ್ಣವಳಿದ್ದಾಗಿನಿಂದ ನನಗೆ ಈ ಕಾಯಿಲೆ, ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ನೋಡುವವರೆಗೂ ಕೂತಲ್ಲಿ ಕೂರಲಾಗುವುದಿಲ್ಲ. ಮರುದಿನದಿಂದ ಎಂಟು ಬೆಳಗು ಲಾರಿ ಸ್ಟ್ಯಾಂಡಿನ ಚಹದಂಗಡಿಯಲ್ಲಿ ಕೂತು ಹದಿನೇಳು ಭಟ್ಟಿಗಳ ಚೀಲಗಳನ್ನೂ ಎಣಿಸಿದೆ. ಹಾಗೆ ಎಣಿಸಲು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಹೊಗೆ ಅಳೆದಿದ್ದೆ, ಆ ಹೊಗೆಯ ಕೆಳಗೆ ಏನು ತಯಾರಾಗುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ ಎನ್ನುವುದು ಆ ಚಹದಂಗಡಿಯ ಬೆಂಚಿನ ಮೇಲೆ ಹೊಳೆಯಿತು.

ಅಷ್ಟರಲ್ಲಿ ದೂರು ಬಂತು. ಕೊಟ್ಟವರು ಕೊಟ್ರಬಸಪ್ಪ, ಭಟ್ಟಿ ಮಾಲೀಕರ ಸಂಘದ ಅಧ್ಯಕ್ಷರು, ಚಮನ್‌ಬಿಯ ಪಕ್ಕದ ಮನೆಯವರು. ಅವರದು ಓಣಿಯ ಕೊನೆಯ ಮನೆ, ಆರು ಒಲೆಯ ಭಟ್ಟಿ. ಊರಲ್ಲೇ ಎತ್ತರದ ಹೊಗೆ ಅವರದು. ದಿನಾ ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಆರು ಒಲೆಗೂ ತಾವೇ ಕಡ್ಡಿ ಗೀರುತ್ತಿದ್ದರು. ಕೆಲಸದವರು ಹೊತ್ತಿಸಿದರೆ ಹೊಗೆ ಕೆಲಸದವರ ಮನೆಯ ಮೇಲೆ ಹೋಗಿ ನಿಲ್ಲುತ್ತದಲ್ಲ. ಅವರ ದೂರು ಇಷ್ಟು: ತಮ್ಮ ಹೊಗೆ ಒಂದೇ ವರ್ಷದಲ್ಲಿ ವಿಪರೀತ ಏರಿದೆ, ಒಲೆ ಮಾತ್ರ ಅದೇ ಆರು. ಚಮನ್‌ಬಿಯ ಹೊಗೆ ಇಳಿದಿದೆ, ಚೀಲ ಏರಿದೆ. ಅಂದಮೇಲೆ ಅವಳು ಕೊಟ್ರಬಸಪ್ಪನವರ ಮನೆಯವರಲ್ಲಿ ಯಾರನ್ನೋ ಒಳಗೆ ಹಾಕಿಕೊಂಡು ಅವರ ಕೈಯಿಂದ ತನ್ನ ಒಲೆ ಹೊತ್ತಿಸುತ್ತಿದ್ದಾಳೆ. ಹೀಗೆ ಇನ್ನೊಬ್ಬರ ಮನೆಯ ಮೇಲೆ ಹೊಗೆ ಹಾಯಿಸಿ ಅಳತೆ ಕೆಡಿಸುವುದು ಎಂದರೆ ನಮ್ಮಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ. ಭಟ್ಟಿಗೆ ಬೀಗ ಹಾಕಿ ಓಣಿಯಿಂದಲೇ ಹೊರಗೆ ಕಳಿಸುತ್ತಾರೆ.

ಮುಖ್ಯಾಧಿಕಾರಿ ಹಾಲಸಿದ್ದಯ್ಯನವರು ನನ್ನನ್ನು ಕರೆದರು. "ಮಂಗಳಮ್ಮ, ಹೋಗಿ ನೋಡ್ರಿ. ಹಾಯಿಸ್ಯಾಳೋ ಇಲ್ಲೋ, ಒಂದು ಸಾಲು ಬರದು ಕೊಡ್ರಿ. ಎರಡು ಸಾಲು ಬ್ಯಾಡ."

ಕೊಟ್ರಬಸಪ್ಪನವರ ಮನೆಗೆ ಹೋದಾಗ ಬೆಳಗಿನ ಹನ್ನೊಂದು. ತೆರೆದ ಅಂಗಳದಲ್ಲಿ ಮಂಚದ ಮೇಲೆ ಅವರ ತಾಯಿ ಹಾಲವ್ವಜ್ಜಿ ಮಲಗಿದ್ದರು. ಸೊಂಟ ಮುರಿದು ಹನ್ನೊಂದು ವರ್ಷ, ಮಂಚ ಬಿಟ್ಟು ಇಳಿದಿರಲಿಲ್ಲ. ಕಣ್ಣು ಮಾತ್ರ ಚುರುಕು. ದಿನವಿಡೀ ಮೇಲೆ ನೋಡುತ್ತ ಮಲಗಿರುವುದೇ ಅವರ ಹೊತ್ತು ಕಳೆಯುವ ದಾರಿ. ನನ್ನನ್ನು ಕಂಡು ಕೈ ಸನ್ನೆ ಮಾಡಿ ಕರೆದರು.

"ಎಲ್ಲಕ್ಕಿಂತ ಮ್ಯಾಲೆ ಬೂದಿ ಬಣ್ಣಂದು ಐತಲ್ಲ, ಅದು ನಮ್ಮ ಮಾವಂದು. ಅದರ ಕೆಳಗ ಕಂದು ಬಣ್ಣಂದು ನಮ್ಮನಿಯವರದು. ಕಟ್ಟಿಗಿ ಹೊಗಿ ಅದು, ನೋಡಾಕ ಎಷ್ಟು ಚೆಂದ ಐತಿ. ಈ ಕರೀದು ನನ್ನ ಮಗಂದು." ಮೂಗಿಗೆ ಸೆರಗು ಒತ್ತಿಕೊಂಡು, "ಇದಕ್ಕ ಯಾಕೋ ವಾಸನಿ ಐತಿ," ಎಂದರು.

ಮಾಳಿಗೆ ಹತ್ತಿ ಪಟ ಬಿಟ್ಟೆ. ದಾರ ಬಿಡುತ್ತಲೇ ಹೋದೆ. ನಲವತ್ತನಾಲ್ಕನೆಯ ಗಂಟಿಗೆ ಹಗುರವಾಯಿತು. ಹೋದ ವರ್ಷ ಮೂವತ್ತೆಂಟು. ಪಟ ಇಳಿಸಿ ಕೈಗೆ ತೆಗೆದುಕೊಂಡರೆ ಕಾಗದದ ತುಂಬ ಕಪ್ಪು ಅಂಟು. ಉಗುರಿನಿಂದ ಕೆರೆದು ಮೂಸಿ ನೋಡಿದೆ. ಸುಟ್ಟ ಟಯರ್. ಭತ್ತದ ಹೊಟ್ಟು ಉರಿಸಿದರೆ ಪಟಕ್ಕೆ ಬೂದಿ ಹತ್ತುತ್ತದೆ, ಹೀಗೆ ಡಾಂಬರಿನ ಹಾಗೆ ಹತ್ತುವುದಿಲ್ಲ. ಕೆಳಗೆ ಇಣುಕಿದೆ. ಭಟ್ಟಿಯ ಹಿಂದೆ ತಾಡಪತ್ರಿ ಮುಚ್ಚಿದ ಗುಡ್ಡೆಯ ಅಂಚಿನಲ್ಲಿ ಹಳೆ ಸೈಕಲ್ ಟಯರುಗಳ ದುಂಡು ಕಾಣಿಸುತ್ತಿತ್ತು. ಒಲೆ ಅದೇ ಆರು ಎಂದು ಅವರು ಹೇಳಿದ್ದು ಸುಳ್ಳಲ್ಲ. ಒಲೆಗೆ ಏನು ಹಾಕುತ್ತಿದ್ದೇನೆ ಎನ್ನುವುದನ್ನು ಹೇಳಿರಲಿಲ್ಲ ಅಷ್ಟೇ.

ಇಳಿಯಬೇಕು ಅನ್ನುವಷ್ಟರಲ್ಲಿ ಮುಖಕ್ಕೆ ಯಾರೋ ಹೊಡೆದ ಹಾಗೆ ಬೆಳಕು ಬಿತ್ತು. ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದೆ. ಪಕ್ಕದ ಹಿತ್ತಲು. ಅಲ್ಲಿ ಕನ್ನಡಿಗಳು. ಬೀರುವಿನ ಬಾಗಿಲಿನ ಉದ್ದ ಕನ್ನಡಿ, ಕ್ಷೌರದಂಗಡಿಯ ಅಗಲ ಕನ್ನಡಿ, ಒಡೆದ ಚೂರುಗಳನ್ನು ಹಲಗೆಗೆ ಅಂಟಿಸಿದ್ದು, ಬಸ್ಸಿನ ಪಕ್ಕದಲ್ಲಿರುವಂಥ ದುಂಡನೆಯವು. ಮರದ ಗೂಟಗಳ ಮೇಲೆ ಸಾಲುಸಾಲಾಗಿ ನಿಂತು, ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದವು. ಅವು ನೋಡುತ್ತಿದ್ದ ಜಾಗದಲ್ಲಿ ಇಟ್ಟಿಗೆ ಕಟ್ಟೆ, ಕಟ್ಟೆಯ ಮೇಲೆ ಕಬ್ಬಿಣದ ದೊಡ್ಡ ಬಾಣಲೆ, ಬಾಣಲೆಯಲ್ಲಿ ಮರಳು. ಪಕ್ಕದಲ್ಲಿ ಉದ್ದ ಹಿಡಿಯ ಸಲಿಕೆ ಹಿಡಿದು ಮರಳನ್ನು ತಿರುವುತ್ತ ಕೂತಿದ್ದ ಮನುಷ್ಯ ಇಮಾಮ್‌ಸಾಬ.

ಮೆಟ್ಟಿಲು ಇಳಿದದ್ದು ನೆನಪಿಲ್ಲ. ಚಮನ್‌ಬಿಯ ಬಾಗಿಲು ತಟ್ಟಿ, "ಮ್ಯಾಲಿಂದ ನೋಡಿಬಿಟ್ಟೆ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲು ಪೂರ್ತಿ ತೆರೆದು, "ನೋಡಿದ ಮ್ಯಾಲೆ ತಿಂದು ಹೋಗ್ರಿ," ಎಂದಳು.

ಉಪ್ಪು ಹಾಕಿದ ಅಕ್ಕಿಯ ಒಂದು ಬೊಗಸೆಯನ್ನು ಇಮಾಮ್‌ಸಾಬ ಮರಳಿಗೆ ಸುರಿದ. ಎರಡು ಸಲ ಸಲಿಕೆ ಆಡಿಸಿದ. ಚಟಪಟ ಎನ್ನುತ್ತ ಬಾಣಲೆ ಬೆಳ್ಳಗಾಯಿತು. ಜರಡಿಗೆ ಹಾಕಿ ಮರಳು ಉದುರಿಸಿ ನನ್ನ ಸೆರಗಿಗೆ ಸುರಿದ. ಮಂಡಕ್ಕಿ ಬಿಸಿಯಾಗಿತ್ತು, ಗರಿಗರಿಯಾಗಿತ್ತು. ಹೊಗೆಯ ವಾಸನೆ ಇಲ್ಲದ ಮಂಡಕ್ಕಿಯನ್ನು ನಾನು ಅಲ್ಲಿಯವರೆಗೆ ತಿಂದೇ ಇರಲಿಲ್ಲ. ಅಕ್ಕಿಯ ರುಚಿ ಹೀಗಿರುತ್ತದೆಯೇ ಅನ್ನಿಸಿತು.

"ಇದು ಹೆಂಗ ಹೊಳೀತು ನಿಮಗ?"

ಚಮನ್‌ಬಿಗೆ ನಗು ಬಂತು. "ಕೋಳಿ ಹೇಳಿಕೊಡ್ತು ನೋಡ್ರಿ. ಮಗಳ ಮದುವಿಗೆ ಬೀರು ತಂದು ಹಿತ್ತಲಾಗ ಇಟ್ಟಿದ್ವಿ. ಬಾಗಿಲ ತೆರಕೊಂಡು ಕನ್ನಡಿ ಬೆಳಕು ಮರಳಿನ ಗುಡ್ಡಿ ಮ್ಯಾಲೆ ಬಿದ್ದಿತ್ತು. ಒಂದು ಕೋಳಿ ಓಡಿಬಂದು ಮರಳ ಮ್ಯಾಲೆ ಕಾಲಿಟ್ಟದ್ದ ತಡ, ಆಳೆತ್ತರ ಹಾರಿತು. ಏನಾತಪ ಇದಕ್ಕ ಅಂತ ನಾನೂ ಕೈ ಇಟ್ಟೆ. ನೋಡ್ರಿ." ಅಂಗೈ ತೋರಿಸಿದಳು. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ ಇತ್ತು. "ಒಂದು ಕನ್ನಡಿಗೆ ಇಷ್ಟಾದ್ರ ಹತ್ತಕ್ಕ ಎಷ್ಟು, ನೂರಕ್ಕ ಎಷ್ಟು ಅಂತ ಆಗಿಂದ ಅದ ಗುಂಗು."

ಒಡೆದ ಕನ್ನಡಿ ಹುಡುಕಿಕೊಂಡು ಅವಳು ಊರೂರು ಅಲೆದಿದ್ದಳು. ಈಗ ನೂರಾ ಹನ್ನೆರಡು ಇದ್ದವು. ಸೂರ್ಯ ಸರಿದ ಹಾಗೆಲ್ಲ ಸೊಸೆಯರಿಬ್ಬರು ಸಾಲಿನ ನಡುವೆ ಓಡಾಡುತ್ತ ಒಂದೊಂದನ್ನೇ ಚೂರು ತಿರುಗಿಸುತ್ತಿದ್ದರು. ಕಾದ ಮರಳಿನಲ್ಲಿ ಉಳಿದದ್ದನ್ನು ಮಣ್ಣು, ಹೊಟ್ಟಿನ ಬೂದಿ ಮೆತ್ತಿದ ಕುಣಿಗೆ ತುಂಬಿ ಮುಚ್ಚಿಡುತ್ತಿದ್ದರು. ಮರುದಿನ ಬೆಳಗ್ಗೆ ಬಿಸಿಲು ಏರುವ ಮೊದಲೇ ಅದರಿಂದ ಕೆಲಸ ಶುರು. ಮೋಡ ಕವಿದ ದಿನ ಮಾತ್ರ ಹೊಟ್ಟು ಉರಿಸುತ್ತಿದ್ದರು. ಕರಗುತ್ತಿದ್ದ ಹಳೆ ಹೊಗೆಗೆ ಆ ದಿನಗಳದ್ದು ಸೇರಿ ನಾಲ್ಕೂವರೆ ಮಾರು ಉಳಿದಿತ್ತು, ಅಷ್ಟು ತೆಳು ಹೊಗೆ ಬಿಸಿಲನ್ನು ತಡೆಯುತ್ತಿರಲಿಲ್ಲ.

"ಮೂರು ಗಂಟಿ ಆತಂದ್ರ ಸಾವ್ಕಾರ್ರ ಹೊಗಿ ನೆರಳು ಬೀಳ್ತೈತಿ," ಎಂದಳು ಪಡುವಲಿನ ಗೋಡೆ ತೋರಿಸುತ್ತ. "ಅಲ್ಲಿಗೆ ಕೆಲಸ ಬಂದ್. ಅದಿಲ್ಲಾಂದ್ರ ಇನ್ನೂ ಹದಿನೈದು ಚೀಲ ಆಗ್ತಿದ್ವು."

"ಮತ್ತ ಇಷ್ಟು ದಿನ ಮುಚ್ಚಿಟ್ಟದ್ದು ಯಾಕ?"

ಉತ್ತರ ಹೇಳಿದವನು ಇಮಾಮ್‌ಸಾಬ. ಮೊದಲೆಲ್ಲ ಒಂದು ಮಾತಿಗೆ ಮೂರು ಸಲ ಕೆಮ್ಮುತ್ತಿದ್ದ. "ಹೊಗಿ ಇಲ್ಲದ ಮನಿಗೆ ಯಾರ್ರಿ ಮರ್ಯಾದಿ ಕೊಡ್ತಾರ? ಸಣ್ಣ ಮಗಳದು ಇನ್ನೂ ನಿಕಾ ಆಗಬೇಕು. ದೊಡ್ಡಾಕಿ ಮದುವಿಗಂತ ತಂದ ಬೀರುವಿನ ಕನ್ನಡೀನೂ ಇಲ್ಲೇ ಹಾಕೇವಿ." ಆಮೇಲೆ ಸಲಿಕೆ ಕೆಳಗಿಟ್ಟು, "ನಾಲ್ಕು ವರ್ಷ ಆಗಿತ್ರಿ ಬಾಣಲಿ ಮುಂದ ಕುಂತು. ಹಾಸಿಗ್ಯಾಗ ಮಕ್ಕೊಂಡು ಈಕಿ ಕೈ ಸುಟಗೊಳ್ಳೋದನ್ನ ನೋಡಾಕತ್ತಿದ್ದೆ. ಈಗ ನಾನ ಹುರೀತೀನಿ," ಎಂದ.

ಕಚೇರಿಗೆ ಹೋಗಿ ಹಾಲಸಿದ್ದಯ್ಯನವರ ಮೇಜಿನ ಮೇಲೆ ಎರಡು ಪಟಗಳನ್ನೂ ಇಟ್ಟೆ, ಬಿಳಿಯದು, ಕರಿಯದು. ಕಂಡದ್ದನ್ನೆಲ್ಲ ಹೇಳಿದೆ. ಅವರು ಕರಿ ಪಟವನ್ನು ಪೆನ್ನಿನ ತುದಿಯಿಂದ ದೂರ ಸರಿಸಿದರು.

"ಅಂದ್ರ ಹಾಯಿಸಿಲ್ಲ."

"ಇಲ್ಲ ಸರ್."

"ಹಂಗಾದ್ರ ನಾಲ್ಕೂವರೆ ಖರೆ. ಖರೆ ಇದ್ರ ಐದಕ್ಕಿಂತ ಕಡಿಮಿ. ನಿಂತ ಭಟ್ಟಿ."

"ಸರ್, ದಿನಾ ನಲವತ್ತು ಚೀಲ ಹೊಂಡ್ತಾವ ಅಲ್ಲಿಂದ. ನಾನ ಎಣಿಸೀನಿ."

"ಚೀಲ ಎಣಿಸಾಕ ನಿಮಗ ಹೇಳಿದೋರು ಯಾರು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಗೊತ್ತಾಗದೆ ಕೇಳಿದ ಹಾಗಿತ್ತು. "ಮಂಗಳಮ್ಮ, ಊರು ಬೆಳದದ್ದು ಹೊಗಿಯಿಂದ ಗೊತ್ತಾಗ್ತೈತಿ. ಎಲ್ಲಾರೂ ಕನ್ನಡಿ ಇಟ್ಕೊಂಡು ಕುಂತ್ರ ಯುಗಾದಿಗೆ ನಾವು ಏನು ಓದಬೇಕು?"

ಪಟಗಳನ್ನು ಎತ್ತಿಕೊಂಡು ಹೊರಬಂದೆ. ಯುಗಾದಿಯ ಮಾರನೇ ದಿನ ಮೈಕಿನ ಮುಂದೆ ನಿಂತಾಗಲೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಬಯಲು ತುಂಬಿತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಭಟ್ಟಿ ಮಾಲೀಕರು, ನಡುವೆ ಕೊಟ್ರಬಸಪ್ಪ. ಹೆಂಗಸರ ಕಡೆ ಹಿಂದೆ ನಿಂತಿದ್ದ ಚಮನ್‌ಬಿ ತಲೆಯ ಮೇಲಿನ ಸೆರಗನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಒಂದೊಂದೇ ಓದುತ್ತ ಬಂದೆ. ಅವಳ ಹೆಸರು ಬಂದಾಗ, "ಚಮನ್‌ಬಿ ಭಟ್ಟಿ, ಹೊಗೆ ನಾಲ್ಕೂವರೆ ಮಾರು," ಎಂದೆ. ಬಯಲಿನಲ್ಲಿ ಯಾರೋ ಲೊಚಗುಟ್ಟಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾಲಿಗೆ ನಿಲ್ಲಲಿಲ್ಲ. "ಮಂಡಕ್ಕಿ, ದಿನಕ್ಕೆ ನಲವತ್ತು ಚೀಲ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗದ್ದಲ ಎದ್ದಿತು. ಹಾಲಸಿದ್ದಯ್ಯನವರು ಮೈಕು ಕಿತ್ತುಕೊಳ್ಳಲು ಬಂದರು. ಅಷ್ಟರಲ್ಲಿ ಎರಡು ಒಲೆಯ ಭಟ್ಟಿಯವನೊಬ್ಬ ಕೂಗಿದ: "ನಂದೂ ಓದ್ರಿ ಮೇಡಮ್ಮ, ನನ್ನ ಚೀಲಾನೂ ಓದ್ರಿ!" ಅವನ ಹಿಂದೆ ಇನ್ನೊಬ್ಬ. ಎಂಟು ಬೆಳಗು ಎಣಿಸಿದ್ದ ಚೀಟಿ ನನ್ನ ಚೀಲದಲ್ಲಿತ್ತು. ಹದಿನೇಳು ಭಟ್ಟಿಗಳದ್ದನ್ನೂ ಓದಿದೆ. ಕೊನೆಯಲ್ಲಿ, "ಕೊಟ್ರಬಸಪ್ಪನವರ ಭಟ್ಟಿ. ಹೊಗೆ ನಲವತ್ತನಾಲ್ಕು ಮಾರು. ಅರವತ್ತು ಚೀಲ."

ಕೊಟ್ರಬಸಪ್ಪ ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. "ಮೇಡಮ್ಮ, ಒಂದು ಮಾತು ಕೇಳ್ತೀನಿ. ನಮ್ಮಪ್ಪನ ಕಾಲಕ್ಕ ನಮ್ಮ ಹೊಗಿ ಇಪ್ಪತ್ತೈದು ಮಾರು ಇತ್ತು. ಆಗ ಚೀಲ ಎಷ್ಟಿದ್ವು?"

"ಗೊತ್ತಿಲ್ರಿ ಸಾವ್ಕಾರ್ರೆ. ಯಾರೂ ಎಣಿಸಿಲ್ಲ."

ಬಯಲಿನ ಅಂಚಿನಿಂದ ದುರುಗಪ್ಪನ ದನಿ ಬಂತು. "ಆಗಲೂ ಅರವತ್ತ ರೀ. ನಾನ ಹೊತ್ತೀನಿ."

ಕೊಟ್ರಬಸಪ್ಪ ನಿಂತೇ ಇದ್ದರು. ಅವರ ಮುಖ ನೋಡಲಾಗದೆ ನಾನು ಕೈಯಲ್ಲಿನ ಕಾಗದ ನೋಡಿದೆ. ಆ ವರ್ಷವೂ ಊರಿನ ಒಟ್ಟು ಹೊಗೆ ಏರಿಯೇ ಇತ್ತು. ಪಟಾಕಿ ಹಚ್ಚುವುದನ್ನು ಮಾತ್ರ ಯಾರೂ ನೆನಪು ಮಾಡಿಕೊಳ್ಳಲಿಲ್ಲ.

ನಿಯಮ ನಿಯಮವೇ. ಮೂರನೆಯ ದಿನ ಚಮನ್‌ಬಿಯ ಭಟ್ಟಿಯನ್ನು ನಿಂತ ಭಟ್ಟಿ ಎಂದು ಬರೆದರು. ಅವಳ ಕಣ ಕೊಟ್ರಬಸಪ್ಪನವರ ಕಣಕ್ಕೆ ಸೇರಿತು. ನನಗೊಂದು ನೋಟಿಸು ಬಂತು, ಅಧಿಕಾರವಿಲ್ಲದೆ ಚೀಲ ಎಣಿಸಿ ಓದಿದ್ದಕ್ಕೆ. ಉತ್ತರ ಬರೆದುಕೊಟ್ಟೆ. ಅದು ಇವತ್ತಿಗೂ ಯಾವುದೋ ಫೈಲಿನಲ್ಲಿದೆ. ಚಮನ್‌ಬಿ ಭತ್ತವನ್ನು ರಸ್ತೆಯ ಮೇಲೆ ಹರವಿ ಒಣಗಿಸತೊಡಗಿದಳು. ಬಸ್ಸಿನ ಚಕ್ರ ಹಾಯುತ್ತಿತ್ತು, ಕಲ್ಲು ಬೆರೆಯುತ್ತಿತ್ತು. ನಲವತ್ತು ಚೀಲ ಇಪ್ಪತ್ತಾಯಿತು, ಆಮೇಲೆ ಹನ್ನೆರಡು. ನಾನು ಓದಿದ್ದರಿಂದ ಅವಳಿಗೆ ಆದದ್ದಾದರೂ ಏನು ಎಂದು ದಿನಾ ಸಂಜೆ ಕೇಳಿಕೊಳ್ಳುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಹೋಗಿ ಭತ್ತದಿಂದ ಕಲ್ಲು ಆರಿಸುತ್ತ ಕೂರುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿ ಇರಲಿಲ್ಲ.

ಹಾಗೆ ಕೂತಿದ್ದ ಒಂದು ಭಾನುವಾರ ಮಧ್ಯಾಹ್ನ ಹಿತ್ತಲಿನ ಬಾಗಿಲಲ್ಲಿ ಕೊಟ್ರಬಸಪ್ಪ ಬಂದು ನಿಂತರು. ಒಬ್ಬರೇ ಬಂದಿದ್ದರು. ಮೂವತ್ತು ವರ್ಷ ಗೋಡೆಗೆ ಗೋಡೆ ಹತ್ತಿಕೊಂಡು ಬದುಕಿದ್ದರೂ ಅವರು ಈ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಸೊಸೆಯರು ಒಳಗೆ ಸರಿದರು. ಇಮಾಮ್‌ಸಾಬ ಏಳಲು ಹೋದ. "ಕೂಡ್ರು, ಕೂಡ್ರು ಮಾರಾಯ," ಎಂದು ಅವರು ಬಾಣಲೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಮರಳಿನ ಮೇಲೆ ಅಂಗೈ ಚಾಚಿದರು. ಥಟ್ಟನೆ ಹಿಂದೆ ತೆಗೆದರು. ಮತ್ತೆ ಚಾಚಿದರು. ಸುಮಾರು ಹೊತ್ತು ಹಾಗೇ ನೋಡುತ್ತಿದ್ದರು, ಆ ಬಿಸಿ ಎಲ್ಲಿಂದ ಬರುತ್ತಿದೆ ಎಂದು ಬಾಣಲೆಯ ತಳಕ್ಕೂ ಬಗ್ಗಿ ಇಣುಕಿದರು.

"ಚಮನ್‌ಬೀ, ಇವು ಎಷ್ಟು ಕನ್ನಡಿ ಬೇಕಾಗ್ತಾವ ಆರು ಒಲಿಗೆ?"

"ಕನ್ನಡಿ ಎಷ್ಟು ಬೇಕಾದರೂ ಸಿಗ್ತಾವ್ರಿ ಸಾವ್ಕಾರ್ರೆ. ನಿಮ್ಮ ಮನ್ಯಾಗ ಬಿಸಿಲು ಎಲ್ಲಿ ಐತಿ?"

ಅವರು ತಲೆ ಎತ್ತಿ ತಮ್ಮ ಹೊಗೆಯನ್ನು ನೋಡಿದರು. ಊರಿನವರೆಲ್ಲ ಅದನ್ನು ಕೆಳಗಿನಿಂದ ಬೆರಗಿನಿಂದ ನೋಡುತ್ತಾರೆ. ಅವರು ಪಕ್ಕದ ಮನೆಯಿಂದ ನೋಡಿದ್ದು ಅದೇ ಮೊದಲಿರಬೇಕು. ನನಗೆ ಸುಮ್ಮನಿರಲಾಗಲಿಲ್ಲ.

"ಮೂಡಲ ಕಣದ ಮ್ಯಾಲೆ ಯಾರ ಹೊಗೀನೂ ಇಲ್ಲ," ಎಂದೆ. "ಅಲ್ಲಿ ಯಾರೂ ಮನಿ ಕಟ್ಟಿಲ್ಲಲ್ಲ. ಬೆಳಗಿಂದ ಸಂಜಿತನಕ ಬಿಸಿಲ."

ಮೂವರೂ ನನ್ನ ಕಡೆ ತಿರುಗಿದರು. ಕೊಟ್ರಬಸಪ್ಪ ನಿಧಾನವಾಗಿ, "ಕಣ ನನ್ನ ಹತ್ರ ಐತಿ. ಇವರದೂ ನನ್ನ ಹತ್ರನ ಬಂದೈತಿ," ಎಂದರು. ಆ ಮಾತು ಹೇಳುವಾಗ ಅವರಿಗೆ ನಾಚಿಕೆಯಾಯಿತು, ಅದು ಕಂಡಿತು.

"ಜಾಗ ನಿಮ್ಮದು, ಕೈಚಳಕ ನಮ್ಮದು," ಎಂದಳು ಚಮನ್‌ಬಿ. ಅವಳು ಎಷ್ಟು ಬೇಗ ಲೆಕ್ಕ ಹಾಕಿದ್ದಳೆಂದರೆ, ಇದನ್ನು ಬಹಳ ದಿನದಿಂದ ಯೋಚಿಸುತ್ತಿದ್ದಳು ಅನ್ನಿಸಿತು. "ಚೀಲಕ್ಕ ಹಸಿರು ದಾರ ಹಂಗ ಇರಬೇಕು. ಮತ್ತ ಇನ್ನೊಂದು ಮಾತು. ನಾಳಿಯಿಂದ ಟಯರ್ ಸುಡಬಾರ್ದು. ಆ ವಾಸನಿಗೆ ಇವರಿಗೆ ಉಸಿರು ಸಿಗವಲ್ದು."

ಟಯರಿನ ವಿಷಯ ಇವಳಿಗೆ ಗೊತ್ತು ಎಂದು ಅವರು ಎಣಿಸಿರಲಿಲ್ಲ. ಇಮಾಮ್‌ಸಾಬನ ಎದೆಯನ್ನು ಒಮ್ಮೆ ನೋಡಿ, "ನಿಮ್ಮ ಚೀಲ ಏರಾಕತ್ವು ಅಂತ ಹಟಕ್ಕ ಬಿದ್ದೆ," ಎಂದರು. "ಆದ್ರೂ ಒಂದು ಚೀಲ ಏರಲಿಲ್ಲ."

ಮೊದಲ ವರ್ಷ ಕಣದಲ್ಲಿ ನಾನೂರು ಕನ್ನಡಿ ನಿಂತವು. ಊರಲ್ಲಿ ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಹೊಟ್ಟಿನ ಗಾಡಿ ಹೊಡೆಯುತ್ತಿದ್ದವರು ಒಂದು ದಿನ ಗಾಡಿಗಳನ್ನು ಕಣದ ದಾರಿಗೆ ಅಡ್ಡ ನಿಲ್ಲಿಸಿದರು. ಅವರಲ್ಲಿ ಕೆಲವರು ಈಗ ಕನ್ನಡಿ ತಿರುಗಿಸುವ ಕೆಲಸದಲ್ಲಿದ್ದಾರೆ, ಕೆಲವರು ಊರು ಬಿಟ್ಟು ಹೋದರು, ಅವರ ಮನೆಯ ಮೇಲಿದ್ದ ತೆಳು ಹೊಗೆಯೂ ಅವರ ಹಿಂದೆ ಹೋಯಿತು. ಒಲೆಯ ಮುಂದೆ ಕೂರುತ್ತಿದ್ದ ಹೆಂಗಸರು ಬಿಸಿಲಲ್ಲಿ ನಿಲ್ಲಬೇಕಾಯಿತೆಂದು ಗೊಣಗಿದರು, ಆಮೇಲೆ ಕರಿ ಕನ್ನಡಕ ಹಾಕಿಕೊಂಡು ಓಡಾಡತೊಡಗಿದರು. ಹೆಣ್ಣು ನೋಡಲು ಬಂದವರ ಪಾಡು ನೋಡಬೇಕಿತ್ತು. ಮೇಲೆ ನೋಡುತ್ತಾರೆ, ಏನೂ ಇಲ್ಲ, ಒಳಗೆ ನೋಡಿದರೆ ಮನೆ ತುಂಬಿದೆ, ಏನೆಂದು ತಿಳಿಯಬೇಕೆಂದು ಗೊತ್ತಾಗದೆ ಕೊನೆಗೆ ಹುಡುಗಿಯ ಹತ್ತಿರವೇ ನಾಲ್ಕು ಮಾತಾಡುತ್ತಿದ್ದರು. ಚಮನ್‌ಬಿಯ ಸಣ್ಣ ಮಗಳ ನಿಕಾ ಹಾಗೇ ಕೂಡಿಬಂತು. ಹಾಲಸಿದ್ದಯ್ಯನವರು ನಿವೃತ್ತರಾಗುವ ಮೊದಲು ನನ್ನ ಅಳತೆಯ ಫಾರಂನಲ್ಲಿ ಚೀಲಕ್ಕೊಂದು ಅಂಕಣ ಹಾಕಿಸಿದರು.

ಕೊಟ್ರಬಸಪ್ಪ ಒಂದೊಂದೇ ಒಲೆ ಆರಿಸುತ್ತ ಬಂದರು. ಮೊದಲ ಒಲೆ ಆರಿದ ದಿನ ಹಾಲವ್ವಜ್ಜಿ ಊಟ ಬಿಟ್ಟರು. ಹೊಗೆ ಕರಗಿದರೆ ಮಾವನೂ ಗಂಡನೂ ಎಲ್ಲಿರುತ್ತಾರೆ ಎಂದು ಅವರ ಅಳಲು. ಎರಡು ದಿನ ಹಾಗೇ ಇದ್ದರು. ಮಗ ಪಕ್ಕದಲ್ಲಿ ಕೂತು, "ಅವ್ವಾ, ಒಂದು ಒಲಿ ನಿನ್ನ ಸಲುವಾಗಿ ಇಡ್ತೀನಿ. ಕಟ್ಟಿಗಿ ಒಲಿ. ದಿನಾ ನಾನ ಹಚ್ತೀನಿ," ಎಂದು ಬೇಡಿಕೊಂಡ ಮೇಲೆ ಎರಡು ತುತ್ತು ತಿಂದರು. ಆ ಒಂದು ಒಲೆ ಈಗಲೂ ಉರಿಯುತ್ತದೆ.

ಉಳಿದ ಒಲೆಗಳು ಆರಿ ಕೆಲವು ವರ್ಷವಾದ ಮೇಲೆ ಒಮ್ಮೆ ಅವರ ಮನೆಯ ಅಳತೆಗೆ ಹೋದೆ. ಅಜ್ಜಿ ಅದೇ ಮಂಚದಲ್ಲಿದ್ದರು, ಇನ್ನಷ್ಟು ಸಣ್ಣಗಾಗಿದ್ದರು. ಮಾಳಿಗೆ ಹತ್ತಿದೆ. ಪಟ ಬಿಟ್ಟೆ. ದಾರ ಭಾರವಾಗುವುದನ್ನೇ ಕಾಯುತ್ತ ನಿಂತೆ. ಅದು ಭಾರವಾಗಲಿಲ್ಲ. ಗಾಬರಿಯಿಂದ ಮೇಲೆ ನೋಡಿದೆ. ಹೊಗೆ ಸುತ್ತ ಇತ್ತು, ಅಜ್ಜಿಯ ಮಂಚದ ನೇರಕ್ಕೆ ಮಾತ್ರ ಒಂದು ಕಂಬಳಿಯಷ್ಟು ಅಗಲಕ್ಕೆ ತೂತು ಬಿದ್ದಿತ್ತು. ಪಟ ಅದರೊಳಗಿಂದ ಹಾದು ಬಹಳ ಎತ್ತರ ಹೋಗಿಬಿಟ್ಟಿತ್ತು.

"ಏ ಪಟದವ್ವ," ಎಂದು ಅಜ್ಜಿ ಕರೆದರು. ಇಳಿದು ಹತ್ತಿರ ಹೋದೆ. ಅವರು ಕಣ್ಣು ಕೀಳದೆ ಮೇಲೆ ನೋಡುತ್ತಿದ್ದರು. ಅಳುತ್ತಿದ್ದಾರೋ ಎಂದುಕೊಂಡೆ. ಅಳುತ್ತಿರಲಿಲ್ಲ. ಓಣಿಗೆ ಹೊಸದಾಗಿ ಯಾರೋ ಬಾಡಿಗೆಗೆ ಬಂದಿದ್ದಾರೆಂದು ವಿಚಾರಿಸುವ ಹೆಂಗಸಿನ ಮುಖ ಇತ್ತು ಅವರದು.

"ನಾಲ್ಕು ದಿನ ಆತು ನೋಡಾಕತ್ತೀನಿ. ನಮ್ಮ ಮನಿದು ಅಲ್ಲ, ಚಮನ್‌ಬಿ ಮನಿದೂ ಅಲ್ಲ. ಆ ನೀಲಿ ಯಾರ ಮನಿದು?"

"ಅದು ಯಾರದೂ ಅಲ್ಲಜ್ಜೀ."

"ಯಾರದೂ ಅಲ್ಲ?"

"ಇಲ್ಲ. ಮೊದಲಿಂದಲೂ ಅಲ್ಲೇ ಐತಿ."

ಅವರು ನನ್ನ ಕೈಯಲ್ಲಿದ್ದ ದಾರದ ಉಂಡೆಯ ಮೇಲೆ ತಮ್ಮ ಒಣಗಿದ ಕೈ ಇಟ್ಟು, "ಹಂಗಾದ್ರ ಅದನ್ನ ಅಳೀಬ್ಯಾಡ," ಎಂದರು.